ಉಪಕರಣವನ್ನು ತಾನೇ ಬದಲಿಸಿಕೊಳ್ಳುವ ಯಂತ್ರ

ಮರಗೆಲಸ ಮಾಡುತ್ತಿರುವ ಬಡಗಿಯನ್ನು ನಾವೆಲ್ಲರೂ ನೋಡಿದ್ದೇವೆ. ಗರಗಸದಿಂದ ಹಲಗೆಯನ್ನು ಕೊಯ್ದ ಮೇಲೆ ಅವನು ಅದನ್ನು ಕೆಳಗಿಟ್ಟು ಉಜ್ಜುಗೊರಡನ್ನು ಎತ್ತಿಕೊಳ್ಳುತ್ತಾನೆ. ಹಲಗೆಯ ಮೈ ನುಣುಪಾದೊಡನೆ ಬೈರಿಗೆಯಿಂದ ತೂತು ಕೊರೆಯುತ್ತಾನೆ. ಆಮೇಲೆ ಉಳಿಯ ಸರದಿ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಈ ಕೆಲಸವನ್ನು ಅವನ ಕೈ ಎಷ್ಟು ಸಹಜವಾಗಿ ಮಾಡುತ್ತದೆಂದರೆ, ಅದೂ ಒಂದು ಕೆಲಸವೆಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ. ಇದೇ ಕೆಲಸವನ್ನು ಯಂತ್ರವೊಂದಕ್ಕೆ ಕಲಿಸಹೊರಟಾಗ ಮಾತ್ರ ಅದರಲ್ಲಿ ಎಷ್ಟು ಭೌತವಿಜ್ಞಾನ ಅಡಗಿದೆಯೆಂಬುದು ತಿಳಿಯುತ್ತದೆ. ನಮಗೆ ಅದು ತಿಳಿದದ್ದು ಹಳೆಯ ವಿದ್ಯಾರ್ಥಿಯೊಬ್ಬ ಸಹಾಯ ಕೇಳಿಕೊಂಡು ಬಂದಾಗ. ಅದೂ, ನಾವು ಕೊಟ್ಟ ಸಹಾಯದಲ್ಲಿ ಒಂದು ದೊಡ್ಡ ಕೊರತೆಯಿದ್ದುದರಿಂದ. ಆ ಕಥೆಯನ್ನೂ ಅದರ ಹಿಂದಿರುವ ತತ್ತ್ವಗಳನ್ನೂ ಇಲ್ಲಿ ವಿವರಿಸುತ್ತೇವೆ.

ಮಿಲ್ಲಿಂಗ್ ಯಂತ್ರವೆಂದರೇನು?

ಲೇತ್ ಯಂತ್ರದಲ್ಲಿ ಲೋಹದ ತುಂಡು ತಿರುಗುತ್ತದೆ. ಕತ್ತರಿಸುವ ಉಪಕರಣವು ತಿರುಗದೆ ಅದರ ಮೈಯನ್ನು ಹೆರೆಯುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಇದು ತಿರುಗುಮುರುಗು. ಲೋಹದ ತುಂಡನ್ನು ಒಂದು ಮೇಜಿಗೆ ಬಿಗಿದಿರುತ್ತಾರೆ. ಹಲವು ಹಲ್ಲುಗಳುಳ್ಳ ಕಟ್ಟರ್ ಎಂಬ ಉಪಕರಣವು ಗಿರ್ರನೆ ತಿರುಗುತ್ತಾ ಅದನ್ನು ಕೊರೆಯುತ್ತದೆ. ಕಟ್ಟರನ್ನು ಹಿಡಿದು ತಿರುಗಿಸುವ ಟೊಳ್ಳಾದ ಉಕ್ಕಿನ ದಂಡಕ್ಕೆ ಸ್ಪಿಂಡಲ್ ಎಂದು ಹೆಸರು. ನೂಲುವ ಕದಿರಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು.

ಒಂದು ಸಾಮಾನ್ಯ ಭಾಗವನ್ನು ತಯಾರಿಸುವುದಕ್ಕೂ ಒಂದೇ ಕಟ್ಟರು ಸಾಲದು. ಮೊದಲು ಮೈಯನ್ನು ಸಮಮಾಡಲು ಅಗಲವಾದ ಕಟ್ಟರು, ಗಾಡಿ ಕೊರೆಯಲು ಸಣ್ಣದೊಂದು, ತೂತಿಗೆ ಡ್ರಿಲ್, ತಿರುಪಿನ ಎಳೆಗೆ ಟ್ಯಾಪ್, ಹೀಗೆ ಐದಾರು ಉಪಕರಣಗಳು ಬೇಕಾಗುತ್ತವೆ. ಹಳೆಯ ಮಾದರಿಯ ಯಂತ್ರದಲ್ಲಿ ಉಪಕರಣವನ್ನು ಹಿಡಿದಿಡುವುದು ಡ್ರಾಬಾರ್ ಎಂಬ ಉದ್ದನೆಯ ಸರಳು. ಇದು ಸ್ಪಿಂಡಲಿನ ನೆತ್ತಿಯಿಂದ ಒಳಕ್ಕೆ ಇಳಿದು, ಉಪಕರಣದ ಹಿಡಿಕೆಗೆ ತಿರುಪಿಕೊಂಡು, ಅದನ್ನು ಮೇಲಕ್ಕೆ ಎಳೆದಿಟ್ಟಿರುತ್ತದೆ. ಉಪಕರಣವನ್ನು ಬದಲಿಸಬೇಕಾದರೆ ಕೆಲಸಗಾರನು ಯಂತ್ರವನ್ನು ನಿಲ್ಲಿಸಿ, ಸ್ಪ್ಯಾನರಿನಿಂದ ಡ್ರಾಬಾರನ್ನು ಸಡಿಲಿಸಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಹಳೆಯದನ್ನು ತೆಗೆದು, ಹೊಸದನ್ನು ಇಟ್ಟು, ಮತ್ತೆ ಬಿಗಿಯಬೇಕು.

ಇದಕ್ಕೆ ಒಂದು ನಿಮಿಷ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಆರು ಉಪಕರಣಗಳು ಬೇಕಾದ ನೂರು ಭಾಗಗಳನ್ನು ಒಂದೊಂದಾಗಿ ಮುಗಿಸುವುದಕ್ಕೆ 600 ಬದಲಾವಣೆಗಳಾಗುತ್ತವೆ. ಎಂದರೆ ಹತ್ತು ಗಂಟೆಗಳ ಕಾಲ. ಈ ಹತ್ತು ಗಂಟೆಗಳಲ್ಲಿ ಲೋಹದ ಒಂದು ಚೂರೂ ಕತ್ತರಿಸಲ್ಪಡುವುದಿಲ್ಲ. ಅದೇ ಬದಲಾವಣೆ 15 ಸೆಕೆಂಡುಗಳಲ್ಲಿ ಆದರೆ ಎರಡೂವರೆ ಗಂಟೆ ಸಾಕು. ಬಾಡಿಗೆಯ ಕಟ್ಟಡದಲ್ಲಿ ಒಂದೇ ಯಂತ್ರವನ್ನು ಇಟ್ಟುಕೊಂಡಿರುವ ಸಣ್ಣ ಕಾರ್ಖಾನೆಗೆ ಉಳಿದ ಏಳೂವರೆ ಗಂಟೆ ಸಾಮಾನ್ಯವಾದುದಲ್ಲ.

ಹಳೆಯ ಯಂತ್ರಕ್ಕೆ ಹೊಸ ಅಂಗ

ಹಳೆಯ ಯಂತ್ರಕ್ಕೆ ಹೊಸ ಅಂಗಗಳನ್ನು ಜೋಡಿಸುವ ಪ್ರಯತ್ನವನ್ನು ಕಡಮೆಯದೆಂದು ಭಾವಿಸಬಾರದು. ಸಂಖ್ಯೆಗಳ ಆಜ್ಞೆಯಂತೆ ನಡೆಯುವ ಯಂತ್ರೋಪಕರಣಗಳ ಚರಿತ್ರೆಯೇ ಹಾಗೆ ಆರಂಭವಾಯಿತು. 1952ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯವರು ಇಂಥ ಮಿಲ್ಲಿಂಗ್ ಯಂತ್ರವನ್ನು ಮೊದಲಿಗೆ ಪ್ರದರ್ಶಿಸಿದಾಗ, ಅವರು ಹೊಸ ಯಂತ್ರವನ್ನು ಕಟ್ಟಿರಲಿಲ್ಲ. ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಎಂಬ ಯಂತ್ರವೊಂದಕ್ಕೆ ಮೋಟಾರುಗಳನ್ನೂ, ನೂರಾರು ನಿರ್ವಾತ ನಳಿಗೆಗಳಿದ್ದ ನಿಯಂತ್ರಕವನ್ನೂ ಜೋಡಿಸಿದ್ದರು. ತೂತು ಕೊರೆದ ಕಾಗದದ ಪಟ್ಟಿಯನ್ನು ಓದಿ ಆ ಯಂತ್ರವು ತನ್ನ ಮೇಜನ್ನು ತಾನೇ ಚಲಿಸುತ್ತಿತ್ತು. ಆದರೆ ಉಪಕರಣವನ್ನು ಬದಲಿಸುವ ಕೆಲಸ ಮಾತ್ರ ಮನುಷ್ಯನ ಕೈಗೇ ಉಳಿದಿತ್ತು. 1958ರಲ್ಲಿ ಮಿಲ್ವಾಕಿ ನಗರದ ಕಿಯರ್ನಿ ಅಂಡ್ ಟ್ರೆಕರ್ ಕಂಪನಿಯವರು ಮಿಲ್ವಾಕಿ-ಮ್ಯಾಟಿಕ್ ಎಂಬ ಯಂತ್ರವನ್ನು ಹೊರತಂದರು. ಅದು ತನ್ನ ಉಪಕರಣಗಳ ಭಂಡಾರದಿಂದ ಬೇಕಾದುದನ್ನು ತಾನೇ ಆರಿಸಿ ಸ್ಪಿಂಡಲಿಗೆ ತೊಡಿಸಿಕೊಳ್ಳುತ್ತಿತ್ತು.

ನಮ್ಮ ಬೆಂಗಳೂರಿಗೂ ಯಂತ್ರೋಪಕರಣಗಳಿಗೂ ಹಳೆಯ ನಂಟು. ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ ಇಲ್ಲಿ ಸ್ಥಾಪಿತವಾದದ್ದು 1953ರಲ್ಲಿ; ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಹುಟ್ಟಿದ್ದು 1962ರಲ್ಲಿ. ಪೀಣ್ಯದ ಓಣಿಗಳಲ್ಲಿ ನಡೆದರೆ ತೆರೆದ ಬಾಗಿಲುಗಳ ಒಳಗೆ ಲೇತುಗಳೂ ಮಿಲ್ಲಿಂಗ್ ಯಂತ್ರಗಳೂ ಸಾಲುಸಾಲಾಗಿ ಕಾಣುತ್ತವೆ. ನಮ್ಮ ವಿದ್ಯಾರ್ಥಿಯ ಕಾರ್ಖಾನೆಯೂ ಅಲ್ಲಿಯೇ ಇದೆ. ಅವನು ಕೈಯಿಂದ ನಡೆಸುವ ಹಳೆಯ ಮಿಲ್ಲಿಂಗ್ ಯಂತ್ರವೊಂದನ್ನು ಕೊಂಡು, ಅದಕ್ಕೆ ಮೋಟಾರುಗಳನ್ನು ಜೋಡಿಸಿ, ಕಂಪ್ಯೂಟರಿನ ಆಜ್ಞೆಗೆ ಒಳಪಡಿಸಿದ್ದನು. ಉಪಕರಣವನ್ನು ತಾನೇ ಬದಲಿಸುವ ಹೊಸ ಯಂತ್ರವನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಒಂದು ಭಾನುವಾರ ಅವನು ದೊಡ್ಡದೊಂದು ನಕ್ಷೆಯನ್ನು ತಂದು ನಮ್ಮ ಮುಂದೆ ಹರಡಿದನು. ಹದಿನಾರು ಉಪಕರಣಗಳು ತೂಗಾಡುವ ತಿರುಗುತಟ್ಟೆ, ಅದನ್ನು ಮುಂದಕ್ಕೆ ತರುವ ತೋಳು, ಎಲ್ಲವೂ ಅದರಲ್ಲಿದ್ದವು. “ಸಾರ್, ಈ ತಟ್ಟೆ ತಿರುಗೋಕೆ ಎಷ್ಟು ಶಕ್ತಿಯ ಮೋಟಾರು ಬೇಕು ಅಂತ ಲೆಕ್ಕ ಹಾಕಿಕೊಡಿ” ಎಂಬುದು ಅವನ ಕೋರಿಕೆ.

ನಾವು ನಕ್ಷೆಯನ್ನು ನೋಡಿ, “ತಟ್ಟೆಯ ವಿಚಾರ ಆಮೇಲೆ. ಸ್ಪಿಂಡಲು ಉಪಕರಣವನ್ನು ಹಿಡಿಯುವುದು ಹೇಗೆ, ಬಿಡುವುದು ಹೇಗೆ?” ಎಂದು ಕೇಳಿದೆವು. ನಕ್ಷೆಯಲ್ಲಿ ಆ ಜಾಗ ಖಾಲಿಯಾಗಿತ್ತು.

ಶಂಕುವಿನ ರಹಸ್ಯ

ಸ್ಪಿಂಡಲಿನ ಬಾಯಿಯೊಳಗೆ ಶಂಕುವಿನ ಆಕಾರದ ಕುಳಿಯೊಂದಿರುತ್ತದೆ. ಅದಕ್ಕೆ ಸರಿಯಾಗಿ ಹೊಂದುವ ಶಂಕು ಉಪಕರಣದ ಹಿಡಿಕೆಯ ಮೇಲಿರುತ್ತದೆ. ಶಂಕುವೇ ಏಕೆ? ಉರುಳೆಯಾಕಾರದ ದಂಡವು ತೂತಿನೊಳಗೆ ಹೋಗಬೇಕಾದರೆ ಕೂದಲೆಳೆಯಷ್ಟಾದರೂ ಎಡೆ ಇರಲೇಬೇಕು. ಆ ಎಡೆಯಲ್ಲಿ ಅದು ಅಲುಗಾಡುತ್ತದೆ. ಶಂಕುವಾದರೋ ಒಳಕ್ಕೆ ಹೋದಷ್ಟೂ ಎಡೆ ಕಡಮೆಯಾಗಿ, ಕೊನೆಗೆ ಸುತ್ತಲೂ ಒಂದೇ ಸಮನಾಗಿ ಕೂತುಕೊಳ್ಳುತ್ತದೆ. ಪ್ರತಿಸಲವೂ ಅದೇ ಸ್ಥಾನಕ್ಕೆ ಬಂದು ನಿಲ್ಲುತ್ತದೆ.

ಆದರೆ ಎಲ್ಲ ಶಂಕುಗಳೂ ಒಂದೇ ರೀತಿಯವಲ್ಲ. ಡ್ರಿಲ್ಲಿಂಗ್ ಯಂತ್ರಗಳಲ್ಲಿ ಬಳಸುವ ಮೋರ್ಸ್ ಶಂಕು ಬಹಳ ತೆಳುವಾಗಿ ಚೂಪಾಗುತ್ತದೆ. 20 ಮಿಲಿಮೀಟರ್ ಉದ್ದಕ್ಕೆ ಅದರ ವ್ಯಾಸ ಸುಮಾರು 1 ಮಿಲಿಮೀಟರ್ ಮಾತ್ರ ಕುಗ್ಗುತ್ತದೆ. ಮಿಲ್ಲಿಂಗ್ ಯಂತ್ರದ ಶಂಕುವಿನಲ್ಲಿ 24 ಮಿಲಿಮೀಟರ್ ಉದ್ದಕ್ಕೆ 7 ಮಿಲಿಮೀಟರ್ ಕುಗ್ಗುತ್ತದೆ. ಈ ವ್ಯತ್ಯಾಸದ ಅರ್ಥವೇನು?

ಇಳಿಜಾರು ಹಲಗೆಯ ಮೇಲೆ ಪೆಟ್ಟಿಗೆಯನ್ನಿಟ್ಟು ಹಲಗೆಯನ್ನು ನಿಧಾನವಾಗಿ ಎತ್ತುವ ಪ್ರಯೋಗವನ್ನು ವಿದ್ಯಾರ್ಥಿಗಳು ಮಾಡಿರಬಹುದು. ಇಳಿಜಾರಿನ ಕೋನದ ಸ್ಪರ್ಶಕ, ಎಂದರೆ ಟ್ಯಾನ್ ಬೆಲೆ, ಘರ್ಷಣಾಂಕಕ್ಕಿಂತ ಕಡಮೆಯಿರುವವರೆಗೆ ಪೆಟ್ಟಿಗೆ ಜಾರುವುದಿಲ್ಲ, ಮೀರಿದೊಡನೆ ಜಾರುತ್ತದೆ. ಕುಳಿಯೊಳಗೆ ಕೂತ ಶಂಕುವಿಗೂ ಇದೇ ನಿಯಮ ಅನ್ವಯಿಸುತ್ತದೆ. ಮೋರ್ಸ್ ಶಂಕುವಿನ ಮೈ ತನ್ನ ಅಕ್ಷದಿಂದ ಸುಮಾರು ಒಂದೂವರೆ ಡಿಗ್ರಿ ಮಾತ್ರ ವಾಲಿರುತ್ತದೆ. ಇದರ ಟ್ಯಾನ್ ಸುಮಾರು 0.025. ಉಕ್ಕಿನ ಮೇಲೆ ಉಕ್ಕಿನ ಘರ್ಷಣಾಂಕ, ತುಸು ಎಣ್ಣೆಯ ಪಸೆ ಇದ್ದಾಗಲೂ, 0.1ರಷ್ಟಾದರೂ ಇರುತ್ತದೆ. ಆದುದರಿಂದ ಮೋರ್ಸ್ ಶಂಕು ಒಮ್ಮೆ ಒತ್ತಿ ಕೂರಿಸಿದರೆ ಕೊಡಲಿಯ ಕಾವಿಗೆ ಹೊಡೆದ ಬೆಣೆಯಂತೆ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಅದನ್ನು ಬಿಡಿಸಲು ಮತ್ತೊಂದು ಬೆಣೆ ಹೊಡೆಯಬೇಕು. ಮಿಲ್ಲಿಂಗ್ ಯಂತ್ರದ ಶಂಕು 8.3 ಡಿಗ್ರಿ ವಾಲಿರುತ್ತದೆ. ಇದರ ಟ್ಯಾನ್ 0.146. ಇದು ಘರ್ಷಣಾಂಕದ ಎಲ್ಲೆಯ ಬಳಿಯಲ್ಲಿಯೇ, ಸಾಮಾನ್ಯವಾಗಿ ಅದಕ್ಕಿಂತ ತುಸು ಮೇಲೆ, ಇರುತ್ತದೆ. ಆದುದರಿಂದ ಮೇಲಿನಿಂದ ಎಳೆಯುವ ಬಲ ನಿಂತೊಡನೆ ಅದು ತಾನಾಗಿಯೇ, ಅಥವಾ ಅಲ್ಪ ನೂಕಿಗೆ, ಕಳಚಿಕೊಳ್ಳುತ್ತದೆ.

ತನ್ನಷ್ಟಕ್ಕೆ ತಾನು ಹಿಡಿದುಕೊಳ್ಳದಿರುವುದು ಮೊದಲ ನೋಟಕ್ಕೆ ದೋಷವೆಂದು ತೋರಬಹುದು. ಆದರೆ ಉಪಕರಣವನ್ನು ತಾನೇ ಬದಲಿಸಬೇಕಾದ ಯಂತ್ರಕ್ಕೆ ಅದೇ ಗುಣ. ಹಿಡಿಯುವ ಕೆಲಸವನ್ನು ಬೇರೊಂದು ಅಂಗಕ್ಕೆ ಒಪ್ಪಿಸಿದರಾಯಿತು.

ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಗಾಳಿ

ಆ ಅಂಗವೇ ಸ್ಪ್ರಿಂಗಿನ ಡ್ರಾಬಾರು. ಉಪಕರಣದ ಹಿಡಿಕೆಯ ನೆತ್ತಿಗೆ ಗುಬುಟಿನಂಥ ತಲೆಯುಳ್ಳ ತಿರುಪೊಂದನ್ನು ಹಾಕಿರುತ್ತಾರೆ. ಡ್ರಾಬಾರಿನ ಕೆಳತುದಿಯಲ್ಲಿ ಉಕ್ಕಿನ ಬೆರಳುಗಳಿರುತ್ತವೆ. ಡ್ರಾಬಾರು ಮೇಲಿದ್ದಾಗ ಈ ಬೆರಳುಗಳು ಮುಚ್ಚಿಕೊಂಡು ಗುಬುಟನ್ನು ಕಚ್ಚಿ ಹಿಡಿಯುತ್ತವೆ. ಕೆಳಗಿಳಿದಾಗ ಅಗಲವಾದ ಜಾಗಕ್ಕೆ ಬಂದು ಅರಳಿ ಅದನ್ನು ಬಿಡುತ್ತವೆ. ಡ್ರಾಬಾರನ್ನು ಸದಾ ಮೇಲಕ್ಕೆ ಎಳೆದಿಡಲು ಬಲವಾದ ಸ್ಪ್ರಿಂಗು ಬೇಕು.

ಎಷ್ಟು ಬಲ? ನಮ್ಮ ವಿದ್ಯಾರ್ಥಿಯ ಯಂತ್ರದಲ್ಲಿದ್ದುದು 30ನೆಯ ಅಂಕದ ಶಂಕು. ಅದರ ಬಾಯಿಯ ವ್ಯಾಸ 31.75 ಮಿಲಿಮೀಟರ್. ಇದಕ್ಕೆ 5000 ನ್ಯೂಟನ್ ಎಳೆತವನ್ನು ಇಟ್ಟುಕೊಂಡೆವು. ಇದು ಸುಮಾರು 510 ಕಿಲೋಗ್ರಾಂ ತೂಕಕ್ಕೆ ಸಮ. ಶಂಕುವಿಗೆ ಬೆಣೆಯ ಗುಣವಿರುವುದರಿಂದ, ಘರ್ಷಣಾಂಕ 0.1 ಎಂದಿಟ್ಟುಕೊಂಡರೆ, ಶಂಕುವಿನ ಮೈಯನ್ನು ಸುತ್ತಲಿಂದ ಒತ್ತುವ ಬಲ 20,000 ನ್ಯೂಟನ್‌ಗಳಿಗೂ ಸ್ವಲ್ಪ ಹೆಚ್ಚಾಗುತ್ತದೆ. ಇದರಿಂದ ಹುಟ್ಟುವ ಘರ್ಷಣೆಯೊಂದೇ ಸುಮಾರು 25 ನ್ಯೂಟನ್-ಮೀಟರ್ ಟಾರ್ಕನ್ನು, ಎಂದರೆ ತಿರುಗಿಸುವ ಪ್ರಭಾವವನ್ನು, ತಡೆದುಕೊಳ್ಳಬಲ್ಲುದು. ಒಂದೂವರೆ ಕಿಲೋವಾಟಿನ ಮೋಟಾರು ನಿಮಿಷಕ್ಕೆ 1500 ಸುತ್ತು ತಿರುಗುವಾಗ ಕೊಡುವುದು ಹತ್ತು ನ್ಯೂಟನ್-ಮೀಟರಿಗಿಂತ ಕಡಮೆ. ಆದುದರಿಂದ ಈ ಹಿಡಿತ ಸಾಕು. ಒಮ್ಮೆಲೇ ಬೀಳುವ ಪೆಟ್ಟುಗಳನ್ನು ತಡೆಯಲು ಸ್ಪಿಂಡಲಿನ ಬಾಯಲ್ಲಿ ಎರಡು ಕೀಗಳು ಬೇರೆ ಇರುತ್ತವೆ.

ಇಷ್ಟು ಬಲವನ್ನು ಸಣ್ಣ ಜಾಗದಲ್ಲಿ ಕೊಡಲು ಸುರುಳಿಯ ಸ್ಪ್ರಿಂಗು ಅನುಕೂಲವಲ್ಲ. ಇದಕ್ಕೆ ಬೆಲ್‌ವಿಲ್ ಬಿಲ್ಲೆಗಳನ್ನು ಬಳಸುತ್ತಾರೆ. ಇವು ನಡುವೆ ತೂತಿರುವ, ತಟ್ಟೆಯಂತೆ ಸ್ವಲ್ಪ ಗುಳಿಬಿದ್ದ ಉಕ್ಕಿನ ಬಿಲ್ಲೆಗಳು. ಒಂದು ಬಿಲ್ಲೆ 2500 ನ್ಯೂಟನ್ ಬಲಕ್ಕೆ 0.2 ಮಿಲಿಮೀಟರ್ ಅದುಮಲ್ಪಡುತ್ತದೆಂದು ಇಟ್ಟುಕೊಳ್ಳಿ. ಊಟದ ತಟ್ಟೆಗಳನ್ನು ಪೇರಿಸುವಂತೆ ಎರಡನ್ನು ಒಂದರೊಳಗೊಂದು ಇಟ್ಟರೆ ಅದೇ ಅದುಮುವಿಕೆಗೆ 5000 ನ್ಯೂಟನ್ ಬೇಕು. ಇಂಥ ಜೋಡಿಗಳನ್ನು ಬೆನ್ನಿಗೆ ಬೆನ್ನು, ಬಾಯಿಗೆ ಬಾಯಿ ಬರುವಂತೆ ಒಂದರ ಮೇಲೊಂದು ಇಟ್ಟರೆ ಬಲ ಹೆಚ್ಚುವುದಿಲ್ಲ, ದೂರ ಹೆಚ್ಚುತ್ತದೆ. ಐವತ್ತು ಜೋಡಿಗಳು 5000 ನ್ಯೂಟನ್ನಿಗೆ 10 ಮಿಲಿಮೀಟರ್ ಅದುಮಲ್ಪಡುತ್ತವೆ. ಒಂದು ಬಗೆಯ ಜೋಡಣೆಯಿಂದ ಬಲವನ್ನೂ ಇನ್ನೊಂದರಿಂದ ದೂರವನ್ನೂ ನಮಗೆ ಬೇಕಾದಷ್ಟು ಪಡೆಯಬಹುದು.

ಇನ್ನು ಬಿಡಿಸುವ ಮಾತು. ಬೆರಳುಗಳು ಅರಳಬೇಕಾದರೆ ಡ್ರಾಬಾರು ಇನ್ನೂ 4 ಮಿಲಿಮೀಟರ್ ಕೆಳಗಿಳಿಯಬೇಕು. ಹುಕ್‌ನ ನಿಯಮದಂತೆ ಸ್ಪ್ರಿಂಗಿನ ಎದುರುಬಲ ಆಗ 7000 ನ್ಯೂಟನ್ನಿಗೆ ಏರುತ್ತದೆ. ಕಾರ್ಖಾನೆಗಳ ಕಂಪ್ರೆಸರಿನಿಂದ ಸಾಮಾನ್ಯವಾಗಿ ಸಿಗುವ ಗಾಳಿಯ ಒತ್ತಡ 6 ಬಾರ್, ಎಂದರೆ ಚದರ ಸೆಂಟಿಮೀಟರಿಗೆ 60 ನ್ಯೂಟನ್. ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದರೆ ಬಲ. ಹಾಗಾದರೆ ಪಿಸ್ಟನ್ನಿನ ವಿಸ್ತೀರ್ಣ 117 ಚದರ ಸೆಂಟಿಮೀಟರಾದರೂ ಇರಬೇಕು. ವ್ಯಾಸ ಸುಮಾರು 12.2 ಸೆಂಟಿಮೀಟರು. ಅಂಗಡಿಯಲ್ಲಿ ಸಿಗುವ 12.5 ಸೆಂಟಿಮೀಟರಿನ ಸಿಲಿಂಡರು ಲೆಕ್ಕಕ್ಕೆ ಸರಿಹೋದರೂ, ಗಾಳಿಯ ಒತ್ತಡ ಸ್ವಲ್ಪ ಕುಗ್ಗಿದರೆ ಉಪಕರಣವು ಬಿಡಿಸಿಕೊಳ್ಳದೆ ಉಳಿಯುತ್ತದೆ. ಆದುದರಿಂದ 10 ಸೆಂಟಿಮೀಟರಿನ ಎರಡು ಪಿಸ್ಟನ್ನುಗಳನ್ನು ಒಂದೇ ದಂಡಕ್ಕೆ ಪೋಣಿಸಿದ ಸಿಲಿಂಡರನ್ನು ಆರಿಸಿದೆವು. ಇದರ ಬಲ ಸುಮಾರು 9400 ನ್ಯೂಟನ್.

ಹಿಡಿಯುವ ಕೆಲಸವನ್ನು ಸ್ಪ್ರಿಂಗಿಗೂ ಬಿಡಿಸುವ ಕೆಲಸವನ್ನು ಗಾಳಿಗೂ ಕೊಟ್ಟುದು ಬೇಕೆಂತಲೇ. ವಿದ್ಯುತ್ತು ಹೋದರೂ, ಗಾಳಿಯ ಕೊಳವೆ ಒಡೆದರೂ ಉಪಕರಣವು ಬೀಳಬಾರದು. ದೊಡ್ಡ ಲಾರಿಗಳ ನಿಲುಗಡೆಯ ಬ್ರೇಕಿನಲ್ಲಿಯೂ ಇದೇ ತತ್ತ್ವವಿದೆ: ಬ್ರೇಕನ್ನು ಹಿಡಿಯುವುದು ಸ್ಪ್ರಿಂಗು, ಸಡಿಲಿಸುವುದು ಗಾಳಿ, ಗಾಳಿ ಸೋರಿಹೋದರೆ ಗಾಡಿ ಉರುಳದೆ ನಿಲ್ಲುತ್ತದೆ.

ನಾವು ಮರೆತ ಪ್ರಶ್ನೆ

ಈ ಲೆಕ್ಕಗಳನ್ನೆಲ್ಲ ನಾವು ಅಚ್ಚುಕಟ್ಟಾಗಿ ಬರೆದುಕೊಟ್ಟೆವು. ವಿದ್ಯಾರ್ಥಿ ಸಿಲಿಂಡರನ್ನು ಯಂತ್ರದ ತಲೆಯ ಮೇಲೆ ಕೂರಿಸಿದನು. ಕವಾಟವನ್ನು ತೆರೆದೊಡನೆ ‘ಟಪ್’ ಎಂಬ ಸದ್ದಿನೊಡನೆ ಉಪಕರಣವು ಅವನ ಅಂಗೈಗೆ ಇಳಿಯಿತು. ನಮಗೂ ಹೆಮ್ಮೆಯಾಯಿತು. ಉಪಕರಣಗಳ ಸಾಲು ಇನ್ನೂ ಸಿದ್ಧವಾಗಿರಲಿಲ್ಲ. ಆದರೂ ಸ್ಪ್ಯಾನರಿನ ಕೆಲಸ ತಪ್ಪಿತೆಂದು ಅವನು ದಿನವೂ ನೂರಾರು ಸಲ ಗುಂಡಿ ಒತ್ತಿ ಉಪಕರಣವನ್ನು ಬದಲಿಸತೊಡಗಿದನು. ಕೆಲವು ವಾರಗಳ ತರುವಾಯ ಸ್ಪಿಂಡಲು ತಿರುಗುವಾಗ ಹಿಂದೆ ಇಲ್ಲದ ಗೊರಗೊರ ಸದ್ದು ಕೇಳಿಬಂತು. ಕೊರೆದ ಮೈಯ ಮೇಲೆ ಅಲೆಯಂಥ ಗೆರೆಗಳು ಮೂಡಿದವು. ಕೆಲಸವನ್ನು ಕೊಟ್ಟವರು ಭಾಗಗಳನ್ನು ಹಿಂದಕ್ಕೆ ಕಳುಹಿಸಿದರು.

ನಾವು ಹೋಗಿ ಲೆಕ್ಕವನ್ನು ಎರಡು ಸಲ ಪರಿಶೀಲಿಸಿದೆವು, ತಪ್ಪು ಸಿಕ್ಕಲಿಲ್ಲ. ಪಕ್ಕದ ಕಾರ್ಖಾನೆಯ ಹಿರಿಯ ಫಿಟ್ಟರೊಬ್ಬರು ಬಂದು, ಸ್ಪಿಂಡಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಕಿವಿಗೊಟ್ಟು ಕೇಳಿ, “ಮೇಷ್ಟ್ರೇ, ಮೇಲಿಂದ ಒತ್ತೋ ಬಲ ಎಲ್ಲಿಗೆ ಹೋಗುತ್ತೆ?” ಎಂದರು. ಆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಂಡಿರಲೇ ಇಲ್ಲ.

ಸಿಲಿಂಡರು ಯಂತ್ರದ ತಲೆಗೆ ಬಿಗಿದಿತ್ತು. ಅದು ಡ್ರಾಬಾರನ್ನು ಒತ್ತಿದಾಗ ಡ್ರಾಬಾರು ಸ್ಪ್ರಿಂಗನ್ನೂ, ಸ್ಪ್ರಿಂಗು ಸ್ಪಿಂಡಲನ್ನೂ, ಸ್ಪಿಂಡಲು ತನ್ನನ್ನು ಹೊತ್ತ ಬೇರಿಂಗುಗಳನ್ನೂ ಒತ್ತುತ್ತಿದ್ದವು. 7000 ನ್ಯೂಟನ್ನಿಗಿಂತ ಹೆಚ್ಚಿನ ಬಲ, ಅದೂ ಪಿಸ್ಟನ್ನಿನ ಪೆಟ್ಟಿನೊಡನೆ, ಸಾವಿರಾರು ಸಲ ಆ ಸಣ್ಣ ಗುಂಡುಗಳ ಮೇಲೆ ಬಿದ್ದಿತ್ತು. ಗುಂಡು ತನ್ನ ಹಾದಿಯನ್ನು ಮುಟ್ಟುವುದು ಸಾಸಿವೆ ಕಾಳಿಗಿಂತಲೂ ಕಿರಿದಾದ ಜಾಗದಲ್ಲಿ. ಅಲ್ಲಿ ಒತ್ತಡ ಅಗಾಧವಾಗುತ್ತದೆ. ಸ್ವೀಡನ್ನಿನ ಬ್ರಿನೆಲ್ ಎಂಬಾತನು 1900ರಲ್ಲಿ ಲೋಹಗಳ ಗಡಸುತನವನ್ನು ಅಳೆಯಲು ಒಂದು ವಿಧಾನವನ್ನು ಪ್ರಕಟಿಸಿದನು: ಗಟ್ಟಿಯಾದ ಗುಂಡನ್ನು ಲೋಹದ ಮೇಲೆ ಒತ್ತಿ, ಮೂಡಿದ ಗುಳಿಯನ್ನು ಅಳೆಯುವುದು. ನಾವು ಅರಿಯದೆ ಅದೇ ಪ್ರಯೋಗವನ್ನು ನಮ್ಮ ವಿದ್ಯಾರ್ಥಿಯ ಬೇರಿಂಗಿನ ಮೇಲೆ ನಡೆಸಿದ್ದೆವು. ಗುಂಡುಗಳು ಒತ್ತಿದ ಗುಳಿಗಳ ಮೇಲೆ ಉರುಳುವಾಗ ಬರುತ್ತಿದ್ದುದೇ ಆ ಸದ್ದು. ಬೇರಿಂಗುಗಳನ್ನು ಬದಲಿಸಬೇಕಾಯಿತು. ಒಂದು ತಿಂಗಳ ಸಂಪಾದನೆ ಅದಕ್ಕೇ ಹೋಯಿತು. ಲೆಕ್ಕ ಬರೆದುಕೊಟ್ಟವರು ನಾವು. ಹಣ ತೆತ್ತವನು ಅವನು.

ಪರಿಹಾರವನ್ನು ಹೇಳಿದವರೂ ಆ ಫಿಟ್ಟರೇ. ಅಡಕೆಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದರೆ ಪೆಟ್ಟೆಲ್ಲ ನೆಲಕ್ಕೆ ಹೋಗುತ್ತದೆ. ಅಡಕತ್ತರಿಯಲ್ಲಿಟ್ಟು ಅದುಮಿದರೆ ಅಡಕೆ ಸೀಳುತ್ತದೆ, ನೆಲಕ್ಕೆ ಏನೂ ತಿಳಿಯುವುದಿಲ್ಲ. ಏಕೆಂದರೆ ಎರಡು ಹಿಡಿಗಳ ಬಲಗಳು ಒಂದಕ್ಕೊಂದು ಎದುರಾಗಿ ಅಡಕತ್ತರಿಯೊಳಗೇ ಮುಗಿಯುತ್ತವೆ. ಇಲ್ಲಿಯೂ ಹಾಗೆಯೇ ಮಾಡಬೇಕು. ಸಿಲಿಂಡರನ್ನು ಯಂತ್ರಕ್ಕೆ ಬಿಗಿಯದೆ ಮೇಲೆ ಕೆಳಗೆ ಸರಿಯುವಂತೆ ತೂಗುಬಿಟ್ಟು, ಅದಕ್ಕೆ ಕೊಕ್ಕೆಗಳನ್ನು ಜೋಡಿಸಿ, ಸ್ಪಿಂಡಲಿನ ಮೇಲ್ತುದಿಗೆ ಬಿಗಿದ ಬಳೆಯ ಕೆಳಗೆ ಅವು ಸಿಕ್ಕಿಕೊಳ್ಳುವಂತೆ ಮಾಡಿದೆವು. ಈಗ ಪಿಸ್ಟನ್ನು ಡ್ರಾಬಾರನ್ನು ಕೆಳಕ್ಕೆ ನೂಕುವಾಗ ಕೊಕ್ಕೆಗಳು ಸ್ಪಿಂಡಲನ್ನು ಅಷ್ಟೇ ಬಲದಿಂದ ಮೇಲಕ್ಕೆ ಎಳೆಯುತ್ತವೆ. ನ್ಯೂಟನ್ನನ ಮೂರನೆಯ ನಿಯಮದಂತೆ ಎರಡೂ ಬಲಗಳು ಸ್ಪಿಂಡಲಿನಲ್ಲಿಯೇ ಸರಿಹೋಗುತ್ತವೆ; ಬೇರಿಂಗಿಗೆ ಅದರ ಸುದ್ದಿಯೇ ಇಲ್ಲ. ಸ್ಪಿಂಡಲು ತಿರುಗುವಾಗ ಕೊಕ್ಕೆಗಳು ಬಳೆಗೆ ತಗುಲದಂತೆ ದೂರ ನಿಲ್ಲುತ್ತವೆ. ಕ್ರಿಯೆ, ಪ್ರತಿಕ್ರಿಯೆಗಳನ್ನು ವರ್ಷವರ್ಷವೂ ಪಾಠಹೇಳುವ ನಮಗೆ ಇದು ಮೊದಲೇ ಹೊಳೆಯಬೇಕಾಗಿತ್ತು.

ಭಂಡಾರ: ತಟ್ಟೆಯೋ, ಸಾಲೋ?

ಹಿಡಿಯುವ, ಬಿಡುವ ಏರ್ಪಾಟು ಸರಿಹೋದ ಮೇಲೆ ಉಪಕರಣಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಸುಲಭವಾಯಿತು. ಕಾರ್ಖಾನೆಯಲ್ಲಿ ತಯಾರಾಗಿ ಬರುವ ಅನೇಕ ಯಂತ್ರಗಳಲ್ಲಿ ತಿರುಗುತಟ್ಟೆ ಇರುತ್ತದೆ. ಅದು ಒಂದೊಂದು ಹೆಜ್ಜೆ ತಿರುಗಿ ಕರಾರುವಾಕ್ಕಾಗಿ ನಿಲ್ಲಬೇಕು. ಇದಕ್ಕೆ ಬಳಸುವ ಸಾಧನಗಳಲ್ಲೊಂದು ಜಿನೀವಾ ಚಕ್ರ. ಸದಾ ತಿರುಗುವ ಚಕ್ರದ ಮೊಳೆಯೊಂದು ಇನ್ನೊಂದು ಚಕ್ರದ ಸೀಳಿನೊಳಗೆ ಹೊಕ್ಕು ಅದನ್ನು ಒಂದು ಹೆಜ್ಜೆ ನೂಕಿ ಹೊರಬರುತ್ತದೆ. ಮುಂದಿನ ಸರದಿಯವರೆಗೆ ಎರಡನೆಯ ಚಕ್ರ ಅಲುಗಾಡದೆ ನಿಂತಿರುತ್ತದೆ.

ನಮ್ಮ ವಿದ್ಯಾರ್ಥಿಗೆ ಬೇಕಾದುದು ಆರೇ ಉಪಕರಣಗಳು. ಯಂತ್ರದ ಮೇಜು ಈಗಾಗಲೇ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ನಿಖರವಾಗಿ ಚಲಿಸುತ್ತಿರುವಾಗ ಇನ್ನೊಂದು ಚಲಿಸುವ ಅಂಗವೇಕೆ? ಮೇಜಿನ ಒಂದು ಕೊನೆಯಲ್ಲಿ ಆರು ಕವಲುಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದರಲ್ಲಿಯೂ ಒಂದು ಉಪಕರಣ ತನ್ನ ಕುತ್ತಿಗೆಯ ಗಾಡಿಯಿಂದ ನೇತುಬೀಳುವಂತೆ ಮಾಡಿದರೆ, ಮೇಜೇ ಅವನ್ನು ಸ್ಪಿಂಡಲಿನ ಕೆಳಕ್ಕೆ ತಂದುಕೊಡುತ್ತದೆ. ಮೇಜಿನ ಸ್ವಲ್ಪ ಜಾಗ ನಷ್ಟವಾಗುತ್ತದೆ, ನಿಜ. ಆದರೆ ಕೆಡಬಹುದಾದ ಅಂಗಗಳು ಕಡಮೆ. ಹದಿನಾರು ಉಪಕರಣಗಳ ತಟ್ಟೆಯ ನಕ್ಷೆಯನ್ನು ಅವನು ಸುರುಳಿ ಸುತ್ತಿ ಬೀರುವಿನ ಮೇಲಿಟ್ಟನು.

ಕಣ್ಣಿಲ್ಲದ ಯಂತ್ರಕ್ಕೆ ಸಾಕ್ಷಿಗಳು

ಉಪಕರಣವನ್ನು ಬದಲಿಸುವ ಕ್ರಮ ಹೀಗಿದೆ: ಸ್ಪಿಂಡಲು ಕೆಲಸದಿಂದ ಮೇಲೆದ್ದು ನಿಲ್ಲುತ್ತದೆ, ಕೀಗಳು ಒಂದೇ ದಿಕ್ಕಿಗೆ ಬರುವಂತೆ ತಿರುಗಿ ಸ್ಥಿರವಾಗುತ್ತದೆ, ಖಾಲಿ ಕವಲು ಬಂದು ಉಪಕರಣದ ಕುತ್ತಿಗೆಯನ್ನು ಹಿಡಿಯುತ್ತದೆ, ಗಾಳಿ ನುಗ್ಗಿ ಡ್ರಾಬಾರು ಇಳಿಯುತ್ತದೆ, ಸ್ಪಿಂಡಲು ಉಪಕರಣವನ್ನು ಕವಲಿನಲ್ಲಿಯೇ ಬಿಟ್ಟು ಮೇಲೇಳುತ್ತದೆ, ಮೇಜು ಸರಿದು ಬೇಕಾದ ಉಪಕರಣ ಕೆಳಗೆ ಬರುತ್ತದೆ, ಸ್ಪಿಂಡಲು ಇಳಿಯುತ್ತದೆ, ಗಾಳಿ ಹೊರಹೋಗಿ ಸ್ಪ್ರಿಂಗು ಹಿಡಿಯುತ್ತದೆ, ಕವಲು ದೂರ ಸರಿಯುತ್ತದೆ.

ಇದನ್ನೆಲ್ಲ ಬರಿಯ ಗಡಿಯಾರದ ಲೆಕ್ಕದಿಂದ ನಡೆಸಲು ಮನಸ್ಸಾಗುತ್ತದೆ: ಗಾಳಿ ಬಿಟ್ಟು ಎರಡು ಸೆಕೆಂಡು ಕಾದು ಮುಂದಕ್ಕೆ ಹೋಗು, ಎಂಬಂತೆ. ಇದು ಅಪಾಯ. ಗಾಳಿಯ ಒತ್ತಡ ಕಡಮೆಯಾಗಿ ಡ್ರಾಬಾರು ಇಳಿಯದಿದ್ದರೆ, ಯಂತ್ರವು ಅದನ್ನರಿಯದೆ ಮೇಲೆದ್ದು ಕವಲನ್ನೇ ಕಿತ್ತುಹಾಕುತ್ತದೆ. ಬಡಗಿಗೆ ಉಳಿ ಕೈಗೆ ಬಂತೆಂಬುದನ್ನು ಅವನ ಬೆರಳು ಹೇಳುತ್ತದೆ. ಯಂತ್ರಕ್ಕೆ ಅಂಥ ಬೆರಳನ್ನು ನಾವು ಕೊಡಬೇಕು. ಲೋಹವು ಹತ್ತಿರ ಬಂದುದನ್ನು ಮುಟ್ಟದೆಯೇ ತಿಳಿಯುವ ಪ್ರಾಕ್ಸಿಮಿಟಿ ಸ್ವಿಚ್ಚುಗಳನ್ನು ಇದಕ್ಕಾಗಿ ಬಳಸುತ್ತಾರೆ. ಡ್ರಾಬಾರಿನ ಬಳಿ ಮೂರು ಸ್ವಿಚ್ಚುಗಳಿದ್ದರೆ ಮೂರು ಸ್ಥಿತಿಗಳು ತಿಳಿಯುತ್ತವೆ. ಕೆಳಗಿದ್ದರೆ ಉಪಕರಣ ಬಿಡುಗಡೆಯಾಗಿದೆ. ನಡುವೆ ನಿಂತರೆ ಉಪಕರಣವನ್ನು ಹಿಡಿದಿದೆ. ಇನ್ನೂ ಮೇಲಕ್ಕೆ ಹೋಗಿದ್ದರೆ ಬೆರಳುಗಳು ಬರಿಗೈಯಲ್ಲಿ ಮುಚ್ಚಿಕೊಂಡಿವೆ, ಉಪಕರಣವೇ ಇಲ್ಲ. ಪ್ರತಿ ಹೆಜ್ಜೆಗೂ ಸಾಕ್ಷಿ ದೊರೆತ ಮೇಲೆಯೇ ಮುಂದಿನ ಹೆಜ್ಜೆ. ದೊರೆಯದಿದ್ದರೆ ಯಂತ್ರ ಅಲ್ಲಿಯೇ ನಿಂತು ಮನುಷ್ಯನನ್ನು ಕರೆಯಬೇಕು. ಸ್ಪಿಂಡಲು ತಿರುಗುತ್ತಿರುವಾಗ ಗಾಳಿಯ ಕವಾಟ ಯಾವ ಕಾರಣಕ್ಕೂ ತೆರೆಯದಂತೆ ವಿದ್ಯುನ್ಮಂಡಲದಲ್ಲಿಯೇ ತಡೆ ಇರಬೇಕು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉಪಕರಣ ಹಿಡಿತ ತಪ್ಪಿ ಹಾರಿದರೆ ಎದುರಿಗಿರುವವರ ಪ್ರಾಣಕ್ಕೇ ಅಪಾಯ.

ಈ ಕ್ರಮವನ್ನು ನಡೆಸುವುದು ಕಂಪ್ಯೂಟರು. ನಮ್ಮ ವಿದ್ಯಾರ್ಥಿ ಬಳಸಿದುದು ಲಿನಕ್ಸ್‌ಸಿಎನ್‌ಸಿ ಎಂಬ ಕಾರ್ಯಕ್ರಮವನ್ನು. ಇದರ ಮೂಲವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರವಿಜ್ಞಾನ ಸಂಸ್ಥೆ 1990ರ ದಶಕದಲ್ಲಿ ರೂಪಿಸಿತು. ಆಮೇಲೆ ಅನೇಕ ದೇಶಗಳ ಸ್ವಯಂಸೇವಕರು ಅದನ್ನು ಬೆಳೆಸಿದರು. ಯಾರು ಬೇಕಾದರೂ ಅದನ್ನು ತೆರೆದು ಓದಿ ತಮ್ಮ ಯಂತ್ರಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದು. ‘ಟಿ 4, ಎಂ 6’ ಎಂಬ ಆಜ್ಞೆ ಬಂದರೆ ನಾಲ್ಕನೆಯ ಉಪಕರಣವನ್ನು ತೊಡಿಸಿಕೊಳ್ಳಬೇಕೆಂದು ಅರ್ಥ. ಪ್ರತಿಯೊಂದು ಉಪಕರಣದ ಉದ್ದವೂ ಬೇರೆಬೇರೆಯಾದುದರಿಂದ ಅವನ್ನೆಲ್ಲ ಮೊದಲೇ ಅಳೆದು ಒಂದು ಪಟ್ಟಿಯಲ್ಲಿ ಬರೆದಿಟ್ಟಿರಬೇಕು. ‘ಜಿ 43’ ಎಂಬ ಆಜ್ಞೆಯಿಂದ ಯಂತ್ರವು ಆ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಕೊನೆಯದಾಗಿ ಕಸದ ವಿಚಾರ. ಶಂಕುವಿನ ಬಾಯಿಯ ಬಳಿ 0.02 ಮಿಲಿಮೀಟರ್ ದಪ್ಪದ ಲೋಹದ ಚೂರೊಂದು ಸಿಕ್ಕಿಕೊಂಡರೆ ಉಪಕರಣ ಓರೆಯಾಗುತ್ತದೆ. ಶಂಕುವಿನ ಉದ್ದ 48 ಮಿಲಿಮೀಟರ್, ಹೊರಗೆ ಚಾಚಿದ ಉಪಕರಣ 100 ಮಿಲಿಮೀಟರ್ ಎಂದಾದರೆ, ಸದೃಶ ತ್ರಿಕೋನಗಳ ಲೆಕ್ಕದಂತೆ ತುದಿ ಸರಿಯುವುದು ಚೂರಿನ ದಪ್ಪದ ಮೂರರಷ್ಟು, 0.06 ಮಿಲಿಮೀಟರ್. ಕೈಯಿಂದ ಬದಲಿಸುವವನು ಬಟ್ಟೆಯಿಂದ ಒರೆಸುತ್ತಾನೆ. ಯಂತ್ರದಲ್ಲಿ ಡ್ರಾಬಾರಿನ ನಡುವಿನ ತೂತಿನಿಂದ ಗಾಳಿಯನ್ನು ಊದಿಸಿ ಶಂಕುವನ್ನು ಶುಚಿಗೊಳಿಸಬೇಕು.

ಸಹಾಯ ಕೇಳುವ ಬಗೆ

ಈಗ ಆ ಯಂತ್ರವು ತನ್ನ ಆರು ಉಪಕರಣಗಳನ್ನು ತಾನೇ ಬದಲಿಸಿಕೊಳ್ಳುತ್ತಿದೆ. ಒಂದು ಬದಲಾವಣೆಗೆ ಹಿಡಿಯುವ ಕಾಲ ಹದಿನೈದು ಸೆಕೆಂಡು. ದೊಡ್ಡ ಕಂಪನಿಗಳ ಯಂತ್ರಗಳು ಇದಕ್ಕಿಂತ ಬಹು ವೇಗವಾಗಿ ಮಾಡುತ್ತವೆ. ಆದರೆ ಅವನ ಕೆಲಸಕ್ಕೆ ಇಷ್ಟು ಸಾಕು. ಹಿಂದಕ್ಕೆ ಬಂದಿದ್ದ ಕೆಲಸವೂ ಅವನಿಗೆ ಮರಳಿ ದೊರೆಯಿತು.

ಅವನು ಮೊದಲು ಕೇಳಿದುದು ಕಣ್ಣಿಗೆ ಕಾಣುವ ತಟ್ಟೆಯ ವಿಚಾರವನ್ನು. ಕಷ್ಟವಿದ್ದುದು ಸ್ಪಿಂಡಲಿನೊಳಗೆ ಕಾಣದಿರುವ ಹಿಡಿತದಲ್ಲಿ. ನಾವು ಬಲವೆಷ್ಟೆಂದು ಲೆಕ್ಕಹಾಕಿದೆವು. ಅದು ಎಲ್ಲಿಗೆ ಹೋಗುತ್ತದೆಂದು ಕೇಳಿದವರು ಇನ್ನೊಬ್ಬರು. ಇಂಥ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಸಹಾಯ ಕೇಳಲು ಹಿಂಜರಿಯಬೇಕಾಗಿಲ್ಲ. ಆದರೆ ಹೋಗುವ ಮೊದಲು ಶಂಕು ಯಾವುದು, ಎಳೆತವೆಷ್ಟು, ಡ್ರಾಬಾರು ಎಷ್ಟು ದೂರ ಚಲಿಸಬೇಕು, ಗಾಳಿಯ ಒತ್ತಡವೆಷ್ಟು ಎಂಬುದನ್ನು ಅಳೆದು ಬರೆದುಕೊಂಡು ಹೋಗಬೇಕು. ಆ ಚೀಟಿಯನ್ನು ಪುಸ್ತಕ ಓದಿದವರಿಗೆ ಒಮ್ಮೆ, ಕೈಯಿಂದ ಕೆಲಸ ಮಾಡಿದವರಿಗೆ ಒಮ್ಮೆ ತೋರಿಸಬೇಕು. ನಾವಂತೂ ಈಗ ಲೆಕ್ಕ ಬರೆದುಕೊಟ್ಟ ಮೇಲೆ ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಸೇರಿಸುತ್ತೇವೆ: ಈ ಬಲ ಎಲ್ಲಿಗೆ ಹೋಗುತ್ತದೆ?